ಸ್ನೋಮೊಬೈಲ್ ಬೇರಿಂಗ್‌ಗಳ ಪರೀಕ್ಷೆ ಮತ್ತು ಬದಲಾವಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮಿನ್ನೆಸೋಟ, ವಿಸ್ಕಾನ್ಸಿನ್, ಒಂಟಾರಿಯೊ, ಕ್ವಿಬೆಕ್ ಮುಂತಾದ ಹಿಮದ ನಾಡುಗಳಲ್ಲಿ ನೆಲೆಸಿ, ಚಳಿಗಾಲದ ಸವಾರಿಗೆಂದು ಹಿಮದ ಮೇಲೆ ಓಡುವ ಸ್ನೋಮೊಬೈಲ್ ಗಾಡಿಯನ್ನು, ಹೊಸದನ್ನೋ ಹಳೆಯದನ್ನೋ ಕೊಂಡು, ಅದರ ನಿರ್ವಹಣೆಯನ್ನು ಆದಷ್ಟೂ ತಾವೇ ಮಾಡಿಕೊಳ್ಳಬೇಕೆನ್ನುವ ಕನ್ನಡಿಗರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಪ್ರಶ್ನೋತ್ತರಗಳನ್ನು ಬರೆಯಲಾಗಿದೆ. ತಯಾರಕರ ಕೈಪಿಡಿಯಲ್ಲಿ ನಿಮ್ಮ ಮಾದರಿಗೆ ಬೇರೆ ಸೂಚನೆ ಇದ್ದರೆ ಅದನ್ನೇ ಪಾಲಿಸಿ.

ಸ್ನೋಮೊಬೈಲಿನಲ್ಲಿ ಬೇರಿಂಗ್‌ಗಳು ಎಲ್ಲೆಲ್ಲಿ ಇರುತ್ತವೆ?

ಮೊದಲನೆಯದು ಕಣ್ಣಿಗೆ ಕಾಣುವ ಗುಂಪು. ಗಾಡಿಯನ್ನು ಮುಂದಕ್ಕೆ ದೂಡುವ ರಬ್ಬರ್ ಪಟ್ಟೆಯಾದ ಟ್ರ್ಯಾಕ್‌ನ ಒಳಗೆ, ಹಿಂಬದಿಯ ಸಸ್ಪೆನ್ಷನ್‌ನ ಉದ್ದಕ್ಕೂ ಇರುವ ಬೋಗಿ ಚಕ್ರಗಳಲ್ಲಿ ಮತ್ತು ತೀರಾ ಹಿಂದಿನ ಆಕ್ಸಲ್‌ನ ದೊಡ್ಡ ಚಕ್ರಗಳಲ್ಲಿ ತಲಾ ಒಂದು ಬೇರಿಂಗ್ ಕುಳಿತಿರುತ್ತದೆ. ಎರಡನೆಯ ಗುಂಪು ಮರೆಯಲ್ಲಿದೆ. ಟ್ರ್ಯಾಕನ್ನು ತಿರುಗಿಸುವ ಡ್ರೈವ್‌ಶಾಫ್ಟ್‌ನ ಎರಡು ತುದಿಗಳಲ್ಲಿ ಎರಡು ಬೇರಿಂಗ್‌ಗಳಿದ್ದರೆ, ಅದರ ಮೇಲ್ಭಾಗದಲ್ಲಿ ಎಂಜಿನ್ನಿನ ಶಕ್ತಿಯನ್ನು ಡ್ರೈವ್ ಬೆಲ್ಟ್ ಮೂಲಕ ಪಡೆಯುವ ಸೆಕೆಂಡರಿ ಕ್ಲಚ್ಚನ್ನು ಹೊತ್ತಿರುವ ಜ್ಯಾಕ್‌ಶಾಫ್ಟ್‌ಗೂ ಎರಡಿರುತ್ತವೆ. ಈ ಎರಡು ಶಾಫ್ಟ್‌ಗಳನ್ನು ಜೋಡಿಸುವ ಚೈನು ಎಣ್ಣೆ ತುಂಬಿದ ಚೈನ್‌ಕೇಸ್‌ನಲ್ಲಿ ಓಡುತ್ತದೆ. ಕೆಲವು ಹೊಸ ಮಾದರಿಗಳಲ್ಲಿ ಚೈನಿನ ಬದಲು ಹಲ್ಲಿನ ಬೆಲ್ಟ್ ಇದೆ. ಮೂರನೆಯದು ಎಂಜಿನ್ನಿನ ಒಳಗಿನ ಕ್ರ್ಯಾಂಕ್ ಬೇರಿಂಗ್‌ಗಳು. ಈ ಮೂರು ಗುಂಪುಗಳು ಕೆಡುವ ಬಗೆ ಬೇರೆ, ಕೆಟ್ಟರೆ ತೆರಬೇಕಾದ ಬೆಲೆಯೂ ಬೇರೆ. ಬೋಗಿ ಚಕ್ರದ್ದು ಕೆಟ್ಟರೆ ಒಂದು ಸಂಜೆಯ ಕೆಲಸ. ಡ್ರೈವ್‌ಶಾಫ್ಟ್‌ನದು ಸವಾರಿಯ ನಡುವೆ ಒಡೆದರೆ ಆ ಚಳಿಗಾಲವೇ ಮುಗಿದಂತೆ.

ಕಾರಿನ ಚಕ್ರದ ಬೇರಿಂಗ್ ವರ್ಷಗಟ್ಟಲೆ ಬಾಳುತ್ತದೆ. ಇಲ್ಲಿ ಅಷ್ಟು ಬೇಗ ಹಾಳಾಗುವುದೇಕೆ?

ಮೊದಲ ಕಾರಣ ವೇಗ. ಸುಮಾರು 143 ಮಿಲಿಮೀಟರ್ ವ್ಯಾಸದ ಬೋಗಿ ಚಕ್ರದ ಸುತ್ತಳತೆ ಅರ್ಧ ಮೀಟರಿಗಿಂತಲೂ ಕಡಿಮೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಅದು ನಿಮಿಷಕ್ಕೆ 3700 ಸುತ್ತುಗಳಷ್ಟು ತಿರುಗಬೇಕಾಗುತ್ತದೆ. ಅದೇ ವೇಗದಲ್ಲಿ ಸಾಧಾರಣ ಕಾರಿನ ಚಕ್ರ ತಿರುಗುವುದು 800 ಚಿಲ್ಲರೆ ಸುತ್ತು ಮಾತ್ರ.

ವೇಗಕ್ಕಿಂತ ದೊಡ್ಡ ಶತ್ರು ನೀರು. ಓಡುವಾಗ ಬೇರಿಂಗ್ ಬಿಸಿಯಾಗಿ ಒಳಗಿನ ಗಾಳಿ ಹಿಗ್ಗುತ್ತದೆ, ಒಂದಷ್ಟು ಗಾಳಿ ಬೇರಿಂಗ್‌ನ ಬದಿ ಮುಚ್ಚುವ ಸೀಲಿನ ಅಂಚಿನಿಂದ ಹೊರಹೋಗುತ್ತದೆ. ಗಾಡಿ ನಿಂತಾಗ ಅದೇ ಬೇರಿಂಗ್ ಕೊರೆಯುವ ಹಿಮದ ನಡುವೆ ತಟ್ಟನೆ ತಣ್ಣಗಾಗಿ, ಒಳಗಿನ ಒತ್ತಡ ಕುಸಿದು, ಸೀಲಿನ ಸುತ್ತ ಕರಗಿ ನಿಂತಿದ್ದ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ದಿನಕ್ಕೆ ಹಲವು ಸಲ ಹೀಗೆ ನಡೆದರೆ ಎಷ್ಟೇ ಒಳ್ಳೆಯ ರಬ್ಬರ್ ಸೀಲ್ ಇದ್ದರೂ ಹನಿ ಹನಿಯಾಗಿ ನೀರು ಸೇರುತ್ತದೆ. ಗ್ರೀಸ್ ಮಜ್ಜಿಗೆಯಂತೆ ಬೆಳ್ಳಗಾಗುತ್ತದೆ, ಆಮೇಲೆ ತುಕ್ಕು ಹಿಡಿಯುತ್ತದೆ.

ಇದರ ಮೇಲೆ ರಸ್ತೆಯ ಉಪ್ಪೂ ಸೇರುತ್ತದೆ. ತೆರೆದ ಟ್ರೇಲರಿನ ಮೇಲೆ ಸ್ಲೆಡ್ (ಸ್ನೋಮೊಬೈಲಿಗೆ ಬಳಕೆಯ ಹೆಸರು) ಸಾಗಿಸುವವರು ಉಪ್ಪು ಚೆಲ್ಲಿದ ಹೆದ್ದಾರಿಯಲ್ಲಿ ಎದ್ದ ಕೆಸರುನೀರನ್ನು ನೂರಾರು ಕಿಲೋಮೀಟರ್ ದೂರ ಚಕ್ರಗಳಿಗೆ ಎರಚಿಸಿಕೊಂಡೇ ಹೋಗುತ್ತಾರೆ. ಸವಾರಿಯಲ್ಲಿ ಕಡಿಮೆ ಓಡಿದ್ದರೂ ಟ್ರೇಲರಿನಲ್ಲಿ ಹೆಚ್ಚು ಓಡಿದ ಸ್ಲೆಡ್‌ನ ಬೇರಿಂಗ್‌ಗಳು ಮೊದಲು ಕೆಡುವುದಕ್ಕೆ ಇದೇ ಕಾರಣ.

ವರ್ಷದಲ್ಲಿ ಯಾವಾಗ ಪರೀಕ್ಷಿಸುವುದು ಒಳ್ಳೆಯದು?

ಹೆಚ್ಚಿನವರು ನವೆಂಬರಿನಲ್ಲಿ, ಮೊದಲ ಹಿಮ ಬೀಳುವ ವಾರ ಹೊದಿಕೆ ತೆಗೆದು ನೋಡುತ್ತಾರೆ. ನನ್ನ ದೃಷ್ಟಿಯಲ್ಲಿ ಅದು ತಡವಾಯಿತು. ಮಾರ್ಚ್ ಅಥವಾ ಏಪ್ರಿಲ್‌ನಲ್ಲಿ ಕೊನೆಯ ಸವಾರಿ ಮುಗಿದ ಒಂದೆರಡು ವಾರಗಳೊಳಗೆ ಮುಖ್ಯ ಪರೀಕ್ಷೆ ನಡೆಯಬೇಕು. ಆಗ ಬೇರಿಂಗ್ ಒಳಗೆ ಸೇರಿರುವ ನೀರು ಇನ್ನೂ ನೀರಾಗಿಯೇ ಇರುತ್ತದೆ. ಏಳೆಂಟು ತಿಂಗಳು ಗ್ಯಾರೇಜಿನಲ್ಲಿ ಸುಮ್ಮನೆ ನಿಂತರೆ ಅದೇ ನೀರು ಬೇರಿಂಗ್‌ನೊಳಗಿನ ಗುಂಡು ಮತ್ತು ರಿಂಗ್ ಒಂದಕ್ಕೊಂದು ತಾಗಿದ ಜಾಗದಲ್ಲಿ ತುಕ್ಕಿನ ಕಲೆ ಕೊರೆದಿರುತ್ತದೆ. ನವೆಂಬರಿನಲ್ಲಿ ಗರಗರ ಎನ್ನುವ ಎಷ್ಟೋ ಬೇರಿಂಗ್‌ಗಳು ಏಪ್ರಿಲ್‌ನಲ್ಲಿ ನುಣ್ಣಗೆ ತಿರುಗುತ್ತಿದ್ದಂಥವೇ.

ವಸಂತದ ಪರೀಕ್ಷೆಗೆ ಇನ್ನೊಂದು ಅನುಕೂಲವೂ ಇದೆ. ಬೇಕಾದ ಭಾಗ ತರಿಸಲು ಇಡೀ ಬೇಸಿಗೆ ಕೈಯಲ್ಲಿರುತ್ತದೆ, ವರ್ಕ್‌ಶಾಪ್‌ಗಳಲ್ಲಿ ಸರದಿಯೂ ಇರುವುದಿಲ್ಲ. ನವೆಂಬರಿನಲ್ಲಿ ಕೈಯಿಂದ ಒಮ್ಮೆ ತಿರುಗಿಸಿ ನೋಡಿದರೆ ಸಾಕು. ಋತುವಿನ ನಡುವೆಯೂ ಒಮ್ಮೆ ನೋಡುವುದು ಒಳ್ಳೆಯದು. ಕೆರೆಯ ಮೇಲಿನ ನೀರುಹಿಮದಲ್ಲಿ ಸಿಕ್ಕಿಕೊಂಡಿದ್ದರೆ ಅಥವಾ ಹರಿಯುವ ನೀರು ದಾಟಿ ಬಂದಿದ್ದರೆ ದಿನ ಲೆಕ್ಕ ಹಾಕದೆ ಅದೇ ವಾರ ನೋಡಿಬಿಡಿ.

ಎಷ್ಟು ಕಿಲೋಮೀಟರಿಗೊಮ್ಮೆ ಬದಲಿಸಬೇಕು ಎಂದು ಒಂದೇ ಲೆಕ್ಕ ಹೇಳಬಹುದೇ?

ಎಲ್ಲ ಮಾದರಿಗೂ ಹೊಂದುವ ಒಂದು ಸಂಖ್ಯೆ ಇಲ್ಲ. ತಯಾರಕರ ನಿರ್ವಹಣಾ ಪಟ್ಟಿಗಳು ಸಾಮಾನ್ಯವಾಗಿ ಇಂತಿಷ್ಟು ದೂರಕ್ಕೆ ಪರೀಕ್ಷಿಸಿ ಎನ್ನುತ್ತವೆ, ಬದಲಿಸುವ ತೀರ್ಮಾನವನ್ನು ಬೇರಿಂಗ್‌ನ ಸ್ಥಿತಿಗೆ ಬಿಡುತ್ತವೆ. ಒಂದು ಅಂದಾಜು ಬೇಕೇ ಬೇಕು ಎನ್ನುವವರಿಗೆ ನಾನು ಹೇಳುವುದಿಷ್ಟು: ಬೋಗಿ ಚಕ್ರಗಳನ್ನು 1500 ಕಿಲೋಮೀಟರಿಗೊಮ್ಮೆ ಕೈಯಿಂದ ತಿರುಗಿಸಿ ನೋಡಿ, 5000 ಕಿಲೋಮೀಟರ್ ದಾಟಿದ ಮೇಲೆ ಚೆನ್ನಾಗಿಯೇ ಕಂಡರೂ ಮುಂದಿನ ಋತುವಿಗೆ ಮುನ್ನ ಬದಲಿಸುವುದಕ್ಕೆ ಮನಸ್ಸು ಮಾಡಿ. ಇದು ನಿಯಮವಲ್ಲ, ನನ್ನ ಲೆಕ್ಕ. ಒಣ ಪುಡಿಹಿಮದಲ್ಲಿ ಓಡಿ, ಬಿಸಿಯಿರುವ ಗ್ಯಾರೇಜಿನಲ್ಲಿ ಒಣಗುವ ಗಾಡಿಯಲ್ಲಿ ಅವು ಇದರ ಎರಡರಷ್ಟೂ ಬಾಳಿಯಾವು. ಉಪ್ಪುನೀರಿಗೆ ಬಿದ್ದ ಗಾಡಿಯಲ್ಲಿ ಒಂದೇ ಋತು ಕಾಣದೆಯೂ ಹೋಗಬಹುದು.

ಡ್ರೈವ್‌ಶಾಫ್ಟ್ ಬೇರಿಂಗ್ ವಿಷಯದಲ್ಲಿ ಮಾತ್ರ ದೂರದ ಲೆಕ್ಕಕ್ಕಿಂತ ಸಂದರ್ಭದ ಲೆಕ್ಕ ಮೇಲು. ಹೊಸ ಟ್ರ್ಯಾಕ್ ಹಾಕಲು ಅಥವಾ ಬೇರೆ ಯಾವುದೋ ಕಾರಣಕ್ಕೆ ಆ ಶಾಫ್ಟ್ ಹೊರಗೆ ಬಂತೆಂದರೆ, ಅದರ ಬೇರಿಂಗ್ ಮತ್ತು ಸೀಲನ್ನು ಬದಲಿಸದೆ ಹಿಂದಕ್ಕೆ ಹಾಕಬಾರದು. ಬಿಚ್ಚುವ ಶ್ರಮವೇ ಅಲ್ಲಿ ದುಬಾರಿ.

ಬೋಗಿ ಚಕ್ರದ ಬೇರಿಂಗ್ ಪರೀಕ್ಷಿಸುವುದು ಹೇಗೆ?

ಎಂಜಿನ್ ಆರಿಸಿ, ಕೀಲಿ ತೆಗೆದಿಟ್ಟು, ಗಾಡಿಯ ಹಿಂಭಾಗವನ್ನು ಗಟ್ಟಿಯಾದ ಸ್ಟ್ಯಾಂಡಿನ ಮೇಲೆ ಎತ್ತಿ ನಿಲ್ಲಿಸಿ. ಟ್ರ್ಯಾಕ್ ಬಿಗಿಯಾಗಿದ್ದರೆ ಚಕ್ರಗಳು ಅದಕ್ಕೆ ಒತ್ತಿಕೊಂಡಿದ್ದು ಏನೂ ತಿಳಿಯುವುದಿಲ್ಲ. ಹಿಂದಿನ ಆಕ್ಸಲ್‌ನ ಹೊಂದಿಕೆ ಬೋಲ್ಟ್‌ಗಳನ್ನು ಎಷ್ಟು ಸುತ್ತು ಸಡಿಲಿಸಿದಿರೆಂದು ಗುರುತು ಮಾಡಿಕೊಂಡು, ಟ್ರ್ಯಾಕ್ ಜೋತುಬೀಳುವಷ್ಟು ಸಡಿಲಿಸಿ.

ಈಗ ಒಂದೊಂದೇ ಚಕ್ರವನ್ನು ಬೆರಳಿನಿಂದ ನಿಧಾನವಾಗಿ ತಿರುಗಿಸಿ. ಜೋರಾಗಿ ತಿರುಗಿಸಿ ಬಿಟ್ಟರೆ ಕೆಟ್ಟ ಬೇರಿಂಗ್ ಕೂಡ ಸುಳ್ಳು ಹೇಳುತ್ತದೆ, ನಿಧಾನಕ್ಕೆ ತಿರುಗಿಸಿದಾಗಲೇ ಗುಂಡುಗಳು ಗುಳಿಗೆ ಬೀಳುವುದು ಬೆರಳಿಗೆ ಗೊತ್ತಾಗುವುದು. ಹೊಸ ಬೇರಿಂಗ್ ಗ್ರೀಸಿನ ತಡೆಯಿಂದ ಒಂದೆರಡು ಸುತ್ತಿಗೇ ನಿಂತುಬಿಡುತ್ತದೆ. ಇದನ್ನು ಕಂಡು ಹಲವರು ಹೊಸದೇ ಬಿಗಿ ಎಂದುಕೊಳ್ಳುತ್ತಾರೆ. ಸದ್ದಿಲ್ಲದೆ ಬಹಳ ಹೊತ್ತು ತಿರುಗುತ್ತಲೇ ಇರುವ ಚಕ್ರದ ಬಗ್ಗೆಯೇ ಅನುಮಾನ ಪಡಬೇಕು, ಏಕೆಂದರೆ ಅದರಲ್ಲಿ ಗ್ರೀಸ್ ಮುಗಿದಿರುವ ಸಾಧ್ಯತೆ ಹೆಚ್ಚು.

ಆಮೇಲೆ ಚಕ್ರದ ಅಂಚನ್ನು ಎರಡೂ ಕೈಗಳಿಂದ ಹಿಡಿದು ಅಡ್ಡಲಾಗಿ ಅಲುಗಿಸಿ. ಕೂದಲೆಳೆಯಷ್ಟು ಆಟ ಎಲ್ಲ ಬೇರಿಂಗ್‌ನಲ್ಲೂ ಇರುತ್ತದೆ. ಟಕ್ ಟಕ್ ಎಂದು ಕೇಳುವಷ್ಟಿದ್ದರೆ, ಅಥವಾ ಅಕ್ಕಪಕ್ಕದ ಚಕ್ರಕ್ಕಿಂತ ಎದ್ದು ಕಾಣುವಷ್ಟಿದ್ದರೆ ಬದಲಿಸಬೇಕು. ಕೊನೆಗೆ ಟಾರ್ಚ್ ಹಿಡಿದು ಸೀಲನ್ನು ನೋಡಿ. ಬೇರಿಂಗ್‌ನ ನಡುವಿನಿಂದ ಚಕ್ರದ ಕಡ್ಡಿಗಳ ಮೇಲೆ ಕಿರಣಗಳ ಹಾಗೆ ಹರಡಿದ ಕೆಂಗಂದು ಗೆರೆಗಳಿದ್ದರೆ ಅದು ಒಳಗಿನ ತುಕ್ಕನ್ನು ತಿರುಗುವ ರಭಸ ಹೊರಕ್ಕೆ ಎಸೆದ ಗುರುತು. ಸೀಲ್ ಉಬ್ಬಿದ್ದರೂ, ಹರಿದಿದ್ದರೂ, ಇಲ್ಲವೇ ಕಾಣೆಯಾಗಿದ್ದರೂ ಕೈಗೆ ಏನೇ ಅನಿಸಲಿ, ಆ ಬೇರಿಂಗ್ ತೆಗೆಯಿರಿ. ಚಕ್ರದ ರಬ್ಬರ್ ಅಂಚು ಒಂದೇ ಕಡೆ ಚಪ್ಪಟೆಯಾಗಿ ಸವೆದಿದ್ದರೆ ಆ ಚಕ್ರ ಯಾವಾಗಲೋ ತಿರುಗದೆ ಟ್ರ್ಯಾಕ್ ಮೇಲೆ ಉಜ್ಜಿಕೊಂಡು ಹೋಗಿದೆ ಎಂದರ್ಥ. ಅಲ್ಲಿ ಚಕ್ರವನ್ನೇ ಬದಲಿಸಬೇಕಾಗುತ್ತದೆ.

ಸ್ಟ್ಯಾಂಡಿನ ಮೇಲಿಟ್ಟು ಎಂಜಿನ್ ಓಡಿಸಿ ಸದ್ದು ಕೇಳಬಹುದೇ?

ಬೇಡವೆನ್ನುತ್ತೇನೆ. ತಿರುಗುವ ಟ್ರ್ಯಾಕ್‌ನಿಂದ ಸ್ಟಡ್ (ಹಿಡಿತಕ್ಕೆ ಹಾಕಿದ ಲೋಹದ ಮೊಳೆ), ಮಂಜುಗಡ್ಡೆ, ಸಿಕ್ಕಿಕೊಂಡ ಕಲ್ಲು ಗುಂಡಿನಂತೆ ಹಿಂದಕ್ಕೆ ಹಾರುತ್ತವೆ. ಟ್ರ್ಯಾಕ್ ಹೊಂದಿಸುವಾಗ ಕೈಪಿಡಿ ಹೇಳಿದಂತೆ ನಿಧಾನವಾಗಿ ತಿರುಗಿಸಲೇಬೇಕಾದರೆ ಹಿಂದೆ ಮತ್ತು ಪಕ್ಕದಲ್ಲಿ ಯಾರೂ ನಿಲ್ಲದಂತೆ ನೋಡಿಕೊಳ್ಳಿ, ಬಟ್ಟೆಯ ತುದಿ ದೂರವಿರಲಿ. ಬೇರಿಂಗ್ ಪರೀಕ್ಷೆಗೆ ಎಂಜಿನ್ ಅಗತ್ಯವೇ ಇಲ್ಲ.

ಸವಾರಿಯ ನಡುವೆ ಯಾವ ಸೂಚನೆಗಳನ್ನು ಗಮನಿಸಬೇಕು?

ಹೆಲ್ಮೆಟ್ಟಿನ ಒಳಗೆ, ಎಂಜಿನ್ ಸದ್ದಿನ ನಡುವೆ ಬೋಗಿ ಚಕ್ರದ ಸದ್ದು ಕೇಳುವುದು ಅಪರೂಪ. ಅದಕ್ಕಾಗಿ ನಿಂತಾಗ ನೋಡುವ ಅಭ್ಯಾಸ ಬೇಕು. ಒಂದಷ್ಟು ದೂರ ಓಡಿ ನಿಲ್ಲಿಸಿದ ಕೂಡಲೇ ಎಂಜಿನ್ ಆರಿಸಿ, ಪ್ರತಿ ಚಕ್ರದ ನಡುವಿನ ಭಾಗವನ್ನು ನೋಡಿ: ಎಲ್ಲ ಚಕ್ರಗಳ ಮೇಲೂ ಹಿಮ ಅಂಟಿದ್ದು ಒಂದರ ಮೇಲೆ ಮಾತ್ರ ಕರಗಿ ಒದ್ದೆಯಾಗಿದ್ದರೆ, ಅಥವಾ ಹಬೆಯಾಡುತ್ತಿದ್ದರೆ ಅದರ ಬೇರಿಂಗ್ ಬಿಸಿಯಾಗಿದೆ. ಕೈಯಲ್ಲಿ ಹಿಡಿಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಇನ್ನೂ ಸುಲಭ. ಇಷ್ಟು ಡಿಗ್ರಿ ದಾಟಬಾರದು ಎನ್ನುವುದಕ್ಕಿಂತ, ಉಳಿದವಕ್ಕಿಂತ ಯಾವುದು ಬೇರೆ ಎನ್ನುವುದು ಮುಖ್ಯ.

ಕಾಲಿಡುವ ಹಲಗೆಯಲ್ಲಿ ಹೊಸದಾಗಿ ಕಂಪನ ಶುರುವಾಗಿ, ಅದು ಎಂಜಿನ್ ವೇಗಕ್ಕೆ ಹೊಂದದೆ ಗಾಡಿಯ ವೇಗಕ್ಕೆ ತಕ್ಕಂತೆ ಏರಿಳಿದರೆ ಡ್ರೈವ್‌ಶಾಫ್ಟ್ ಕಡೆಗೆ ಗಮನ ಕೊಡಿ. ಸ್ಪೀಡೋಮೀಟರ್ ಸೆನ್ಸರ್ ಡ್ರೈವ್‌ಶಾಫ್ಟ್‌ನ ತುದಿಯಲ್ಲಿರುವ ಮಾದರಿಗಳಲ್ಲಿ ಮುಳ್ಳು ಅಥವಾ ಅಂಕಿ ಕಾರಣವಿಲ್ಲದೆ ಕುಣಿಯುವುದೂ ಒಂದು ಸೂಚನೆ. ಮಾಲೀಕರು ಅದನ್ನು ವೈರಿಂಗ್ ದೋಷವೆಂದು ತಿಳಿದು ಸೆನ್ಸರನ್ನಷ್ಟೇ ಬದಲಿಸಿ, ಒಳಗೆ ಅಲ್ಲಾಡುತ್ತಿರುವ ಶಾಫ್ಟನ್ನು ಹಾಗೇ ಬಿಡುವುದುಂಟು.

ಡ್ರೈವ್‌ಶಾಫ್ಟ್ ಬೇರಿಂಗ್ ಬಗ್ಗೆ ಇಷ್ಟು ಎಚ್ಚರಿಕೆ ಏಕೆ? ಅದನ್ನು ಪರೀಕ್ಷಿಸುವುದು ಹೇಗೆ?

ಆ ಶಾಫ್ಟ್, ಟ್ರ್ಯಾಕ್ ಮೇಲೆ ಕವಿದಿರುವ ಟನಲ್ಲಿನ ಮುಂಭಾಗದಲ್ಲಿ ಅಡ್ಡಲಾಗಿ ಕೂತು, ತನ್ನ ಮೇಲಿನ ಹಲ್ಲುಚಕ್ರಗಳಿಂದ ಇಡೀ ಟ್ರ್ಯಾಕನ್ನು ಎಳೆಯುತ್ತದೆ. ಅದರ ಒಂದು ತುದಿಯ ಬೇರಿಂಗ್ ಪುಡಿಯಾದರೆ ಶಾಫ್ಟ್ ಓರೆಯಾಗಿ ಅಲೆಯತೊಡಗುತ್ತದೆ. ಹಲ್ಲುಚಕ್ರಗಳು ಟ್ರ್ಯಾಕನ್ನು ಕಚ್ಚಿ ಹರಿಯುತ್ತವೆ, ಟನಲ್ಲಿನ ಅಲ್ಯೂಮಿನಿಯಂ ಹಾಳೆಯನ್ನು ಶಾಫ್ಟ್ ಉಜ್ಜಿ ಕೊರೆಯುತ್ತದೆ, ಅಲ್ಲೇ ಇರುವ, ಎಂಜಿನ್ನಿನ ಕೂಲಂಟ್ ತಣಿಸುವ ಕೂಲರಿಗೆ ತಾಗಿದರೆ ಕೂಲಂಟ್ ಸೋರಿ ಎಂಜಿನ್ ಕೂಡ ಅಪಾಯಕ್ಕೆ ಸಿಲುಕುತ್ತದೆ. ಇನ್ನೊಂದು ತುದಿಯಲ್ಲಿ ಚೈನು ಸಾಲು ತಪ್ಪುತ್ತದೆ. ಒಂದು ಅಂಗೈಯಷ್ಟರ ಬೇರಿಂಗ್‌ನಿಂದ ಇಷ್ಟೆಲ್ಲ.

ಪರೀಕ್ಷೆಗೆ ಡ್ರೈವ್ ಬೆಲ್ಟ್ ಕಳಚಿ, ಹಿಂಭಾಗ ಎತ್ತಿ, ಟ್ರ್ಯಾಕ್ ಸಡಿಲಿಸಿ. ಟನಲ್ಲಿನ ಕೆಳಗಿನಿಂದ ಶಾಫ್ಟನ್ನು ಕೈಯಿಂದ ಹಿಡಿದು ಮೇಲೆ ಕೆಳಗೆ, ಹಿಂದೆ ಮುಂದೆ ಅಲುಗಿಸಿ ನೋಡಿ. ಕೈಗೆ ಎಟುಕದಿದ್ದರೆ ಮರದ ತುಂಡೊಂದನ್ನು ಸನ್ನೆಯಾಗಿ ಬಳಸಿ. ಕಬ್ಬಿಣದ ಸನ್ನೆಗೋಲು ಕೂಲರಿಗೆ ಗಾಯ ಮಾಡೀತು. ಕಾಣುವಷ್ಟು ಆಟ ಇರಲೇಬಾರದು. ಚೈನ್‌ಕೇಸ್ ಎದುರಿನ ತುದಿಯ ಬೇರಿಂಗ್ ಸೀಲಿನ ಸುತ್ತ ಕಪ್ಪು ಗ್ರೀಸ್ ಅಥವಾ ಕೆಂಪು ಪುಡಿ ಕಂಡರೆ, ಇಲ್ಲವೇ ಬೇರಿಂಗ್ ಹಿಡಿದಿಡುವ ತಗಡಿನ ಬಣ್ಣ ಶಾಖಕ್ಕೆ ಮಾಸಿದ್ದರೆ ಹೆಚ್ಚು ಯೋಚಿಸದೆ ಬಿಚ್ಚಿಸಿ.

ಈ ತುದಿಯ ಬೇರಿಂಗ್ ಕೆಲವು ಮಾದರಿಗಳಲ್ಲಿ ಶಾಫ್ಟ್‌ಗೆ ಲಾಕಿಂಗ್ ಕಾಲರ್‌ನಿಂದ ಬಿಗಿದಿರುತ್ತದೆ. ಕಾಲರ್ ಸಡಿಲವಾದರೆ ಒಳ ರಿಂಗಿನೊಳಗೆ ಶಾಫ್ಟ್ ಜಾರಿ ತಿರುಗಿ, ಶಾಫ್ಟೇ ಸವೆದು ಕಿರಿದಾಗುತ್ತದೆ. ಬೇರಿಂಗ್ ಹೊಸದು ಹಾಕಿದರೂ ಸವೆದ ಶಾಫ್ಟ್ ಮೇಲೆ ಅದು ನಿಲ್ಲದು. ಆದ್ದರಿಂದ ಹಳೆಯದನ್ನು ತೆಗೆದಾಗ ಶಾಫ್ಟ್‌ನ ಆ ಜಾಗವನ್ನು ಬೆರಳಿನಿಂದ ಸವರಿ ನೋಡಿ. ಉಗುರಿಗೆ ಸಿಗುವ ಮೆಟ್ಟಿಲು ಇದ್ದರೆ ಶಾಫ್ಟ್ ಬದಲಿಸುವ ಖರ್ಚಿಗೂ ಸಿದ್ಧರಾಗಬೇಕು.

ಚೈನ್‌ಕೇಸ್ ಕಡೆಯ ಬೇರಿಂಗ್‌ಗಳನ್ನು ಬಿಚ್ಚದೆ ತಿಳಿಯಬಹುದೇ?

ಎಣ್ಣೆಯೇ ಹೇಳುತ್ತದೆ. ವರ್ಷಕ್ಕೊಮ್ಮೆ ಚೈನ್‌ಕೇಸ್ ಎಣ್ಣೆ ಬದಲಿಸುವಾಗ ಅಯಸ್ಕಾಂತವಿರುವ ಪ್ಲಗ್ಗನ್ನು ಬಟ್ಟೆಯಿಂದ ಒರೆಸಿ ಬೆಳಕಿಗೆ ಹಿಡಿಯಿರಿ. ಬೂದುಬಣ್ಣದ ನಯವಾದ ಲೇಪ ಚೈನಿನ ಸಹಜ ಸವೆತ. ಮಿಂಚುವ ಚಕ್ಕೆ ಅಥವಾ ಗುಂಡುಗಳನ್ನು ಹಿಡಿದಿಡುವ ಕೇಜಿನ ಮುರುಕು ಸಿಕ್ಕರೆ ಅದು ಬೇರಿಂಗ್‌ನದೋ ಚೈನಿನದೋ ಎಂದು ತೆರೆದೇ ನೋಡಬೇಕು. ಎಣ್ಣೆ ಹಾಲಿನಂತಾಗಿದ್ದರೆ ನೀರು ಸೇರಿದೆ. ಎಣ್ಣೆ ಪ್ರತಿ ಸಲ ಕಡಿಮೆಯಾಗುತ್ತಿದ್ದು ಟನಲ್ಲಿನ ಒಳಗೋಡೆ ಜಿಡ್ಡಾಗಿದ್ದರೆ ಡ್ರೈವ್‌ಶಾಫ್ಟ್‌ನ ಸೀಲ್ ಹೋಗಿದೆ. ಸೀಲನ್ನು ಕೆಡಿಸಿದ್ದು ಹಲವು ಬಾರಿ ಅದರ ಹಿಂದಿರುವ, ಆಟ ಬಂದ ಬೇರಿಂಗೇ ಆಗಿರುತ್ತದೆ. ಅಂದಹಾಗೆ, ಈ ಕಡೆಯ ಬೇರಿಂಗ್ ಚೈನ್‌ಕೇಸ್ ಎಣ್ಣೆಯಿಂದಲೇ ಪೋಷಣೆ ಪಡೆಯುವ ಮಾದರಿಗಳಲ್ಲಿ ಎರಡೂ ಬದಿ ಮುಚ್ಚಿದ ಬೇರಿಂಗ್ ಹಾಕಿದರೆ ಹೆಚ್ಚು ಬಾಳುತ್ತದೆ ಎಂಬ ಭಾವನೆ ತಪ್ಪು. ಮೊದಲು ಯಾವ ಬಗೆಯದು ಇತ್ತೋ ಅದನ್ನೇ ಹಾಕಿ.

ಜ್ಯಾಕ್‌ಶಾಫ್ಟ್ ಬೇರಿಂಗ್ ಯಾವಾಗ ನೋಡಬೇಕು?

ಬೆಲ್ಟ್ ಬದಲಿಸುವ ಪ್ರತಿ ಸಂದರ್ಭದಲ್ಲೂ ನೋಡಬಹುದು, ಅದಕ್ಕೆ ಹೆಚ್ಚುವರಿ ಹೊತ್ತು ಬೇಕಿಲ್ಲ. ಬೆಲ್ಟ್ ಹೊರಗಿರುವಾಗ ಸೆಕೆಂಡರಿ ಕ್ಲಚ್ಚನ್ನು ಎರಡೂ ಕೈಗಳಿಂದ ಹಿಡಿದು ಅಲುಗಿಸಿ. ಕ್ಲಚ್ ಶಾಫ್ಟ್ ಮೇಲೆ ಒಳಹೊರಗೆ ಸ್ವಲ್ಪ ಸರಿಯುವುದು ಹಲವು ಮಾದರಿಗಳಲ್ಲಿ ಸಹಜ. ಕ್ಲಚ್ಚಿನ ಜೊತೆ ಶಾಫ್ಟೇ ಮೇಲೆ ಕೆಳಗೆ ಆಡಿದರೆ ಅದು ಬೇರಿಂಗ್‌ನ ದೋಷ. ಬೆಲ್ಟ್ ಅಕಾಲದಲ್ಲಿ ಒಂದೇ ಅಂಚಿನಲ್ಲಿ ಸವೆಯುತ್ತಿದ್ದರೆ, ಎರಡು ಕ್ಲಚ್‌ಗಳ ಸಾಲನ್ನು ಹೊಂದಿಸುವ ಮೊದಲು ಈ ಬೇರಿಂಗನ್ನು ನೋಡಿ. ಆಡುವ ಶಾಫ್ಟ್ ಮೇಲೆ ಎಷ್ಟು ಹೊಂದಿಸಿದರೂ ಸಾಲು ಉಳಿಯುವುದಿಲ್ಲ, ಬೆಲ್ಟ್ ಮೇಲೆ ಬೆಲ್ಟ್ ಕೊಳ್ಳುವುದೊಂದೇ ಉಳಿಯುತ್ತದೆ.

ಎಂಜಿನ್ನಿನ ಒಳಗಿನ ಬೇರಿಂಗ್‌ಗಳನ್ನೂ ನಾವೇ ಬದಲಿಸಬಹುದೇ?

ಟೂ-ಸ್ಟ್ರೋಕ್ ಎಂಜಿನ್ನಿನ ಕ್ರ್ಯಾಂಕ್ ಸಾಮಾನ್ಯವಾಗಿ ಒತ್ತಿ ಜೋಡಿಸಿದ ತುಂಡುಗಳಿಂದ ಆಗಿರುತ್ತದೆ. ಅದನ್ನು ಬಿಡಿಸಿ ಮತ್ತೆ ನೇರವಾಗಿ ಕೂಡಿಸಲು ಪ್ರೆಸ್ ಮತ್ತು ಡಯಲ್ ಗೇಜ್ ಇರುವ ಅನುಭವಿಗಳೇ ಬೇಕು. ನಿಮ್ಮ ಕೈಯಲ್ಲಿರುವುದು ಬೇಸಿಗೆಯ ರಕ್ಷಣೆ. ಗಾಡಿಯನ್ನು ನಿಲ್ಲಿಸುವ ಮೊದಲು ಕೈಪಿಡಿಯಲ್ಲಿ ಹೇಳಿದ ಕ್ರಮದಲ್ಲಿ ಫಾಗಿಂಗ್ ಎಣ್ಣೆ ಕೊಟ್ಟರೆ ಕ್ರ್ಯಾಂಕ್ ಬೇರಿಂಗ್‌ಗಳ ಮೇಲೆ ತೆಳುವಾದ ಪದರ ಉಳಿದು ತೇವದಿಂದ ಕಾಪಾಡುತ್ತದೆ. ನಡುಬೇಸಿಗೆಯಲ್ಲಿ ಒಮ್ಮೆ ಸ್ಟಾರ್ಟ್ ಮಾಡಿ ಐದು ನಿಮಿಷ ಓಡಿಸಿ ಆರಿಸುವ ರೂಢಿ ಒಳ್ಳೆಯದಲ್ಲ. ಪೂರ್ತಿ ಬಿಸಿಯಾಗದ ಎಂಜಿನ್ ಒಳಗೆ ತೇವ ಕೂಡುತ್ತದೆ, ಕೊಟ್ಟ ಎಣ್ಣೆಯೂ ತೊಳೆದುಹೋಗುತ್ತದೆ. ಎಂಜಿನ್ ಕಡೆಯ ಡ್ರೈವ್ ಕ್ಲಚ್ಚನ್ನು ಹಿಡಿದು ಎತ್ತಿದಾಗ ಕ್ರ್ಯಾಂಕ್ ತುದಿಯೇ ಆಡಿದರೆ ಗಾಡಿ ಓಡಿಸದೆ ವರ್ಕ್‌ಶಾಪಿಗೆ ಸಾಗಿಸಿ.

ಮುಂಭಾಗದ ಸ್ಕೀಗಳಿಗೆ ಬೇರಿಂಗ್ ಇದೆಯೇ?

ಬಹುಪಾಲು ಬುಶ್‌ಗಳು ಮತ್ತು ಬಾಲ್ ಜಾಯಿಂಟ್‌ಗಳು. ಗ್ರೀಸ್ ನಿಪ್ಪಲ್ ಇದ್ದ ಕಡೆ ಗ್ರೀಸ್ ಕೊಡಿ, ಸ್ಕೀ ಹಿಡಿದು ಅಲುಗಿಸಿ ಆಟ ನೋಡಿ.

ಸೀಲ್ ಎಬ್ಬಿಸಿ ಹೊಸ ಗ್ರೀಸ್ ತುಂಬಿದರೆ ಬೇರಿಂಗ್ ಉಳಿಯುತ್ತದೆಯೇ?

ಒಳಗಿನ ಗ್ರೀಸ್ ಇನ್ನೂ ತನ್ನ ಬಣ್ಣದಲ್ಲಿದ್ದು, ಬೇರಿಂಗ್ ನುಣ್ಣಗೆ ತಿರುಗುತ್ತಿದ್ದರೆ ಉಳಿಯುತ್ತದೆ. ತೆಳುವಾದ ಸೂಜಿಮೊನೆಯನ್ನು ಒಳ ರಿಂಗಿನ ಕಡೆಯಿಂದ ತೂರಿಸಿ ಸೀಲನ್ನು ಬಗ್ಗದಂತೆ ಎಬ್ಬಿಸಿ, ಹಳೆಯದನ್ನು ತೊಳೆದು ಪೂರ್ತಿ ಒಣಗಿಸಿ, ಚಳಿಗೆ ಗಟ್ಟಿಯಾಗದ, ನೀರಿಗೆ ಜಗ್ಗದ ಸಿಂಥೆಟಿಕ್ ಗ್ರೀಸನ್ನು ಖಾಲಿ ಜಾಗದ ಮೂರನೇ ಒಂದು ಭಾಗದಷ್ಟು ತುಂಬಿ. ಹೆಚ್ಚು ವೇಗದ ಬೇರಿಂಗ್‌ಗೆ ಗಿಡಿದು ತುಂಬಿದ ಗ್ರೀಸ್ ಕಡೆದು ಬಿಸಿಯಾಗಿ ಸೀಲನ್ನೇ ತಳ್ಳಿಬಿಡುತ್ತದೆ. ಗ್ರೀಸ್ ಬೆಳ್ಳಗಾಗಿದ್ದರೆ ಈ ಶ್ರಮ ಒಂದು ಋತುವನ್ನು ದಾಟಿಸೀತು, ಅಷ್ಟೇ. ಕೆಂಪು ಕಂಡರೆ ಶ್ರಮವೇ ದಂಡ. ಬೋಗಿ ಚಕ್ರದ ಬೇರಿಂಗ್ ಅಗ್ಗದ ವಸ್ತು, ಒಂದು ಡ್ರೈವ್ ಬೆಲ್ಟ್‌ನ ಬೆಲೆಗೆ ಇಡೀ ಗಾಡಿಯ ಬೋಗಿ ಬೇರಿಂಗ್‌ಗಳು ಬಂದಾವು. ಆದ್ದರಿಂದ ಇದು ಬಿಡಿಭಾಗ ಸಿಗದ ಊರಿನ ಉಪಾಯವೆಂದೇ ನನ್ನ ಅಭಿಪ್ರಾಯ.

ಡ್ರೈವ್‌ಶಾಫ್ಟ್ ತುದಿಯಲ್ಲಿ ಗ್ರೀಸ್ ನಿಪ್ಪಲ್ ಇರುವ ಮಾದರಿಗಳಲ್ಲಿ ಗ್ರೀಸ್ ಗನ್ನನ್ನು ಮೆಲ್ಲಗೆ ಒತ್ತಿ, ಸೀಲಿನ ಅಂಚಿನಲ್ಲಿ ಹೊಸ ಗ್ರೀಸ್ ಇಣುಕಿದೊಡನೆ ನಿಲ್ಲಿಸಿ.

ಒಂದು ಕೆಟ್ಟರೆ ಎಲ್ಲವನ್ನೂ ಬದಲಿಸಬೇಕೇ?

ಒಂದೇ ಚಕ್ರ, ಕಲ್ಲಿಗೆ ಬಡಿದು ಕೆಟ್ಟಿದ್ದರೆ ಅದೊಂದನ್ನು ಬದಲಿಸಿ. ನೀರಿನಿಂದ ಕೆಟ್ಟಿದ್ದರೆ ಉಳಿದವೂ ಅದೇ ನೀರು ಕುಡಿದಿವೆ. ಎರಡು ಮೂರು ಗರಗರ ಎಂದರೆ ಎಲ್ಲವನ್ನೂ ಬದಲಿಸುವುದೇ ಲೆಕ್ಕಕ್ಕೆ ಸರಿ. ಹಿಂದಿನ ಆಕ್ಸಲ್‌ನವು ಮಾತ್ರ ಪದೇ ಪದೇ ಹೋಗುತ್ತಿದ್ದರೆ ಟ್ರ್ಯಾಕ್ ಅತಿ ಬಿಗಿಯಾಗಿದೆಯೇ, ಓರೆಯಾಗಿ ಓಡುತ್ತಿದೆಯೇ ಎಂದು ನೋಡಿ. ಟ್ರ್ಯಾಕ್‌ನ ನಡುವೆ ಇಂತಿಷ್ಟು ಭಾರ ತೂಗುಹಾಕಿದಾಗ ಇಂತಿಷ್ಟು ಇಳಿಯಬೇಕೆಂದು ಕೈಪಿಡಿ ಹೇಳಿರುತ್ತದೆ, ಆ ಅಳತೆಯನ್ನು ಕಣ್ಣಂದಾಜಿನಲ್ಲಿ ಮಾಡಬೇಡಿ.

ಅಂಗಡಿಯಲ್ಲಿ ಯಾವ ಸಂಖ್ಯೆ ಕೇಳಬೇಕು? ಕಂಪನಿಯದೇ ಬೇಕೇ?

ಪೊಲಾರಿಸ್ ಗಾಡಿ ಮಿನ್ನೆಸೋಟದ ರೊಸೋದಿಂದ ಬಂದಿರಲಿ, ಸ್ಕೀ-ಡೂ ಕ್ವಿಬೆಕ್‌ನ ವಾಲ್ಕೂರ್‌ನಿಂದ ಬಂದಿರಲಿ, ಬೋಗಿ ಚಕ್ರದಲ್ಲಿ ಕೂತಿರುವುದು ಬಹುಮಟ್ಟಿಗೆ ಎಲ್ಲೆಡೆ ಸಿಗುವ ಅಳತೆಯ ಬೇರಿಂಗೇ. ಸೀಲಿನ ಅಥವಾ ರಿಂಗಿನ ಮೇಲೆ 6004, 6204, 6205 ಎಂಬಂಥ ಸಂಖ್ಯೆ ಇರುತ್ತದೆ. ಊರಿನಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡಿಸಿದವರ ಕಿವಿಗೆ ಇವು ಹೊಸವಲ್ಲ. ಕೊನೆಯ ಎರಡು ಅಂಕಿ 04 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದನ್ನು ಐದರಿಂದ ಗುಣಿಸಿದಾಗ ಒಳವ್ಯಾಸ ಮಿಲಿಮೀಟರಿನಲ್ಲಿ ಸಿಗುತ್ತದೆ: 6204 ಎಂದರೆ ಒಳಗೆ 20, ಹೊರಗೆ 47, ದಪ್ಪ 14, 6205 ಎಂದರೆ 25, 52, 15. ಯಮಹಾ ಕಂಪನಿ 2025ರ ಮಾದರಿಗಳೊಂದಿಗೆ ಉತ್ತರ ಅಮೆರಿಕದಲ್ಲಿ ಸ್ನೋಮೊಬೈಲ್ ವ್ಯವಹಾರ ಮುಗಿಸಿದ ಮೇಲೆ ಅದರ ಮಾಲೀಕರು ಬಿಡಿಭಾಗಗಳ ಚಿಂತೆಯಲ್ಲಿದ್ದಾರೆ. ಕಡೆಯ ಪಕ್ಷ ಚಕ್ರದ ಬೇರಿಂಗ್ ಆ ಚಿಂತೆಯ ಪಟ್ಟಿಯಲ್ಲಿ ಇರಬೇಕಾಗಿಲ್ಲ.

ಒಂದು ಎಚ್ಚರಿಕೆ. ಹೊರವ್ಯಾಸ 47 ಮಿಲಿಮೀಟರ್ ಇದ್ದೂ ಒಳವ್ಯಾಸ ಮುಕ್ಕಾಲು ಇಂಚು ಇರುವ ಬೇರಿಂಗ್‌ಗಳೂ ಸ್ನೋಮೊಬೈಲ್ ಚಕ್ರಗಳಲ್ಲಿ ಬರುತ್ತವೆ. ಮುಕ್ಕಾಲು ಇಂಚು ಎಂದರೆ 19.05 ಮಿಲಿಮೀಟರ್, ಅದರ ಜಾಗಕ್ಕೆ 20ರದ್ದು ಹಾಕಿದರೆ ಕೂತಂತೆ ಕಂಡರೂ ಆಡುತ್ತದೆ. ಹೊರಡುವ ಮುನ್ನ ವರ್ನಿಯರ್ ಹಿಡಿದು ಅಳೆಯಿರಿ. ಸಂಖ್ಯೆಯ ನಂತರ 2ಆರ್‌ಎಸ್ ಎಂದಿರಲಿ, ಅಂದರೆ ಎರಡೂ ಬದಿ ರಬ್ಬರ್ ಸೀಲ್. ಜೆಡ್‌ಜೆಡ್ ಎಂದಿದ್ದರೆ ಲೋಹದ ಮುಚ್ಚಳ. ಅದು ಧೂಳು ತಡೆದೀತು, ನೀರನ್ನು ತಡೆಯದು. ಮೂಲ ಬೇರಿಂಗ್ ಮೇಲೆ ಸಿ3 (ಒಳಗೆ ತುಸು ಹೆಚ್ಚು ಸಡಿಲವಿರುವ ಬಗೆ) ಎಂದಿದ್ದರೆ ಹೊಸದರಲ್ಲೂ ಇರಬೇಕು. ಡ್ರೈವ್‌ಶಾಫ್ಟ್ ಮತ್ತು ಜ್ಯಾಕ್‌ಶಾಫ್ಟ್‌ಗಳಿಗೆ ಮಾತ್ರ ಒಳ್ಳೆಯ ಹೆಸರಿನ ತಯಾರಕರದ್ದನ್ನೇ ಕೊಳ್ಳಿ, ಅಲ್ಲಿ ಉಳಿತಾಯ ಸಲ್ಲದು.

ಬೋಗಿ ಚಕ್ರದ ಬೇರಿಂಗನ್ನು ಮನೆಯಲ್ಲೇ ಬದಲಿಸುವ ಕ್ರಮವೇನು?

ಚಕ್ರ ಕಳಚಿ, ಬೇರಿಂಗ್ ಹಿಡಿದಿರುವ ಸರ್ಕ್ಲಿಪ್ಪನ್ನು ಇಕ್ಕಳದಿಂದ ತೆಗೆಯಿರಿ. ಅದು ಹಾರಿ ಕಣ್ಣಿಗೆ ಬಡಿಯಬಹುದು, ಕನ್ನಡಕ ಹಾಕಿಕೊಳ್ಳಿ. ಕ್ಲಿಪ್ ತುಕ್ಕು ಹಿಡಿದಿದ್ದರೆ ಹೊಸದು ಹಾಕಿ. ಚಕ್ರವನ್ನು ಸಮವಾದ ಆಸರೆಯ ಮೇಲಿಟ್ಟು, ಬೇರಿಂಗ್‌ಗೆ ಹೊಂದುವ ಸಾಕೆಟ್ಟಿನಿಂದ ಒತ್ತಿ ಹೊರಡಿಸಿ. ಚಕ್ರ ಪ್ಲಾಸ್ಟಿಕ್ಕಿನದಾದ್ದರಿಂದ ಗ್ಯಾಸ್ ಟಾರ್ಚ್ ಹತ್ತಿರವೂ ತರಬಾರದು. ಬಿಸಿನೀರಿನಲ್ಲಿ ಕೆಲವು ನಿಮಿಷ ಇಟ್ಟರೆ ಗೂಡು ಹಿಗ್ಗುತ್ತದೆ. ಹೊಸ ಬೇರಿಂಗನ್ನು ಹಿಂದಿನ ರಾತ್ರಿಯೇ ಫ್ರೀಜರಿನಲ್ಲಿಟ್ಟಿದ್ದರೆ ಅದು ಕುಗ್ಗಿ ಸಲೀಸಾಗಿ ಇಳಿಯುತ್ತದೆ. ಚಕ್ರದೊಳಕ್ಕೆ ಕೂರಿಸುವಾಗ ಹೊರ ರಿಂಗಿನ ಮೇಲೆ ಮಾತ್ರ ಒತ್ತಬೇಕು, ಶಾಫ್ಟ್ ಮೇಲೆ ಕೂರಿಸುವಾಗ ಒಳ ರಿಂಗಿನ ಮೇಲೆ ಮಾತ್ರ. ತಪ್ಪಾದ ರಿಂಗಿನ ಮೇಲೆ ಸುತ್ತಿಗೆ ಬಿದ್ದರೆ ಪೆಟ್ಟು ಗುಂಡುಗಳ ಮೂಲಕ ಹಾದು ರಿಂಗಿನಲ್ಲಿ ಗುಳಿ ಬೀಳುತ್ತದೆ, ಹೊಸ ಬೇರಿಂಗ್ ಮೊದಲ ದಿನವೇ ಹಳೆಯದಾಗುತ್ತದೆ. ಎಲ್ಲ ಮುಗಿದ ಮೇಲೆ ಟ್ರ್ಯಾಕನ್ನು ಗುರುತು ಮಾಡಿದ ಜಾಗಕ್ಕೆ ಬಿಗಿದು, ಕೈಪಿಡಿಯಂತೆ ಅಳೆದು ನೋಡಿ.

ಗಾಡಿ ತೊಳೆಯುವಾಗ ಏನು ಎಚ್ಚರ ವಹಿಸಬೇಕು?

ಪ್ರೆಷರ್ ವಾಷರಿನ ಮೂತಿಯನ್ನು ಸೀಲಿಗೆ ನೇರ ಹಿಡಿಯಬೇಡಿ. ಉಪ್ಪು ತೊಳೆಯಲು ಕೊಳಾಯಿಯ ಸಾಧಾರಣ ನೀರು ಸಾಕು. ತೊಳೆದ ಮೇಲೆ ಒಂದಿಷ್ಟು ದೂರ ಓಡಿಸಿದರೆ ಅಂಟಿದ ನೀರು ಸಿಡಿದು ಹೋಗುತ್ತದೆ.

ಹಳೆಯ ಸ್ಲೆಡ್ ಕೊಳ್ಳುವಾಗ ಬೇರಿಂಗ್ ನೋಡಿ ಏನು ತಿಳಿಯಬಹುದು?

ಹಿಂದಿನ ಮಾಲೀಕ ಹೇಗೆ ನೋಡಿಕೊಂಡಿದ್ದಾನೆ ಎಂಬುದು ಬಣ್ಣಕ್ಕಿಂತ ಚಕ್ರಗಳಲ್ಲಿ ಚೆನ್ನಾಗಿ ತಿಳಿಯುತ್ತದೆ. ಬೋಗಿ ಬೇರಿಂಗ್‌ಗಳು ಹೋಗಿದ್ದರೆ ಬೆಲೆ ಇಳಿಸಿ ಕೊಳ್ಳಬಹುದು. ಡ್ರೈವ್‌ಶಾಫ್ಟ್ ಆಡುತ್ತಿದ್ದರೆ, ಅಥವಾ ಟನಲ್ಲಿನ ಒಳಗೆ ಶಾಫ್ಟ್ ಹತ್ತಿರ ಉಜ್ಜಿದ ಹೊಳಪು ಗೆರೆ ಇದ್ದರೆ ಬೇರೆ ಗಾಡಿ ನೋಡುವುದು ಲೇಸು.

ಊರಿಂದ ದೂರದ ದಾರಿಯಲ್ಲಿ ಬೇರಿಂಗ್ ಕೈಕೊಟ್ಟರೆ ಏನು ಮಾಡಬೇಕು?

ಬೋಗಿ ಚಕ್ರವೊಂದರದಾದರೆ ಆ ಚಕ್ರವನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡು, ವೇಗ ತಗ್ಗಿಸಿ, ಮೆತ್ತನೆಯ ಹಿಮವಿರುವ ಕಡೆ ಓಡಿಸಿಕೊಂಡು ಬರಬಹುದು. ಗಟ್ಟಿ ಮಂಜುಗಡ್ಡೆಯ ಮೇಲೆ ಭಾರವೆಲ್ಲ ಟ್ರ್ಯಾಕ್‌ನ ಒಳಬದಿಗೆ ಒರಗುವ ಪ್ಲಾಸ್ಟಿಕ್ ಪಟ್ಟಿಗಳಾದ ಸ್ಲೈಡ್‌ಗಳ ಮೇಲೆ ಬಿದ್ದು ಅವು ಕಾದು ಸವೆಯುತ್ತವೆ. ಹಿಂದಿನ ಆಕ್ಸಲ್‌ನ ಚಕ್ರ ಹೋದರೆ ಟ್ರ್ಯಾಕ್ ಸಾಲು ತಪ್ಪುವ ಅಪಾಯವಿರುವುದರಿಂದ ನಡಿಗೆಯ ವೇಗ ಮೀರಬೇಡಿ.

ಡ್ರೈವ್‌ಶಾಫ್ಟ್ ಬೇರಿಂಗ್ ಹೋಗಿದೆ ಎನಿಸಿದರೆ ಅಲ್ಲೇ ನಿಲ್ಲಿಸಿ. ಬೆಲ್ಟ್ ಕಳಚಿ ಇನ್ನೊಂದು ಸ್ಲೆಡ್‌ಗೆ ಕಟ್ಟಿ ಎಳೆಸುವ ರೂಢಿ ಎಂಜಿನ್ ಕೆಟ್ಟಾಗ ಸರಿ. ಇಲ್ಲಿ ಎಳೆದಷ್ಟು ದೂರವೂ ಟ್ರ್ಯಾಕಿನ ಜೊತೆ ಆ ಶಾಫ್ಟ್ ತಿರುಗುತ್ತಲೇ ಇರುತ್ತದೆ, ಕೆಡುವುದು ಮುಂದುವರಿಯುತ್ತದೆ. ಎಳೆಯದೆ ಬೇರೆ ದಾರಿಯಿಲ್ಲದಿದ್ದರೆ ಹತ್ತಿರದ ರಸ್ತೆಯವರೆಗೆ ಮಾತ್ರ, ನಡಿಗೆಯ ವೇಗದಲ್ಲಿ ಎಳೆಸಿ. ಅಲ್ಲಿಂದ ಟ್ರೇಲರಿಗೆ ಏರಿಸಿ. ಕತ್ತಲಾಗುವ ಹೊತ್ತಾಗಿದ್ದರೆ ಗಾಡಿಯನ್ನು ದಾರಿಯಿಂದ ಪಕ್ಕಕ್ಕೆ ಸರಿಸಿ, ಹಿಂದಿನಿಂದ ಬರುವವರಿಗೆ ಕಾಣುವಂತೆ ಗುರುತು ಕಟ್ಟಿ, ಜೊತೆಗಾರರ ಸ್ಲೆಡ್‌ನಲ್ಲಿ ಮರಳಿ ಬನ್ನಿ. ಗಾಡಿಯನ್ನು ಮರುದಿನ ಬೆಳಕಿನಲ್ಲಿ ತರಬಹುದು.